ಎರಡು ಹಲ್ಲಿನ ಕುರಿ, ಗುಲಾಬಿ ಗುಳಿಗೆ

ನ್ಯೂಜಿಲೆಂಡಿನ ಹಳ್ಳಿಗಾಡಿನ ಪತ್ರಿಕೆಗಳ 1880–90ರ ದಶಕದ ಸಂಚಿಕೆಗಳನ್ನು ಬಿಡಿಸಿದರೆ ಮುಖಪುಟದಲ್ಲಿ ಸುದ್ದಿ ಸಿಗುವುದು ಅಪರೂಪ. ಮೇಲಿನಿಂದ ಕೆಳಗಿನವರೆಗೆ ಜಾಹೀರಾತು. ಒಂದು ಕಾಲಂನಲ್ಲಿ ಮುಂದಿನ ವಾರ ಹರಾಜಿಗೆ ಬರುವ ಜಾನುವಾರಿನ ಪಟ್ಟಿ: ಎರಡು ಹಲ್ಲಿನ ಕುರಿ ಇಷ್ಟು, ಬಾಯಿಗೂಡಿದವು ಇಷ್ಟು, ಗಬ್ಬದ ಕಡಸು ಇಷ್ಟು, ಕೊಬ್ಬಿದ ಹಂದಿ ಇಷ್ಟು. ಅದರ ಮಗ್ಗುಲಲ್ಲೇ ಮನುಷ್ಯರ ಕಾಯಿಲೆಗಳ ಪಟ್ಟಿ: ಅಜೀರ್ಣ, ಪಿತ್ತ, ಸೊಂಟನೋವು, ಕೆಟ್ಟ ರಕ್ತ, ಬಾರದ ನಿದ್ದೆ. ಇವೆಲ್ಲಕ್ಕೂ ಒಂದೇ ಡಬ್ಬಿ ಗುಳಿಗೆ. ಪತ್ರಿಕೆಯ ಹೊಟ್ಟೆ ತುಂಬುತ್ತಿದ್ದುದರಲ್ಲಿ ಈ ಎರಡರ ಪಾಲೂ ದೊಡ್ಡದು. ಓದುಗ ಮಾತ್ರ ಒಬ್ಬನೇ. ಕುರಿ ಕೊಳ್ಳುವಾಗ ವಯಸ್ಸು ತಿಳಿಯಲು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ ಆ ರೈತನಿಗೆ, ಗುಳಿಗೆ ಕೊಳ್ಳುವಾಗ ಒಳಗೇನಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಈ ಅಂತರ ಕಡಿಮೆಯಾಗಲು ಅರ್ಧ ಶತಮಾನ ಹಿಡಿಯಿತು. ಆಗಲೂ ಕಾನೂನಿನ ಕಣ್ಣು ಮೊದಲು ಬಿದ್ದದ್ದು ಕುರಿಯ ಮೇಲೆ.

ಉತ್ತರ ದ್ವೀಪದ ಫೀಲ್ಡಿಂಗ್ ಊರನ್ನೇ ತೆಗೆದುಕೊಳ್ಳಿ. 1874ರಲ್ಲಿ ಇಂಗ್ಲೆಂಡಿನ ಒಂದು ವಲಸೆ ಕಂಪನಿ ಅಲ್ಲಿ ಒಂದು ಲಕ್ಷ ಎಕರೆಗೂ ಮಿಕ್ಕ ಜಮೀನು ಹಿಡಿದು ಜನರನ್ನು ತಂದು ಇಳಿಸಿತು. ಆ ನೆಲ ಅಲ್ಲಿನ ಮೂಲನಿವಾಸಿ ಮಾವೊರಿಗಳ ಕೈಯಿಂದ ಸರ್ಕಾರಕ್ಕೆ, ಅಲ್ಲಿಂದ ಕಂಪನಿಗೆ ಬಂದದ್ದು. ಇನ್ನೂ ಪಶ್ಚಿಮಕ್ಕಿರುವ ತಾರಾನಾಕಿಯಲ್ಲಿ ಕೊಳ್ಳುವ ಶಾಸ್ತ್ರವೂ ಇರಲಿಲ್ಲ; 1865ರಲ್ಲಿ ದಂಗೆಯ ನೆಪ ಹೇಳಿ ಮಾವೊರಿಗಳ ಜಮೀನನ್ನು ಸೀದಾ ಮುಟ್ಟುಗೋಲು ಹಾಕಿಕೊಂಡರು. ಹರಾಜಿನ ಕಾಲಂ ತುಂಬಿದ ದನಕುರಿ ಮೇದದ್ದು ಇಂಥ ನೆಲದ ಹುಲ್ಲನ್ನು. ಕಾಡು ಕಡಿದು, ಬೆಂಕಿ ಇಟ್ಟು, ಬೂದಿಯ ಮೇಲೆಯೇ ಹುಲ್ಲಿನ ಬೀಜ ಎರಚಿ ಮಾಡಿದ ಕಾವಲು ಅದು. ಫೀಲ್ಡಿಂಗ್‌ನಲ್ಲಿ ಜಾನುವಾರು ಹರಾಜು 1880ರಲ್ಲಿ ಶುರುವಾಯಿತು, ಎರಡು ವರ್ಷಕ್ಕೆ 'ಫೀಲ್ಡಿಂಗ್ ಸ್ಟಾರ್' ಪತ್ರಿಕೆ ಬಂತು.

1882ರ ಫೆಬ್ರುವರಿಯಲ್ಲಿಯೇ 'ಡುನೆಡಿನ್' ಎಂಬ ಹಾಯಿಹಡಗು ಸುಮಾರು 5000 ಕುರಿ ಮತ್ತು ಕುರಿಮರಿಗಳ ಮಾಂಸವನ್ನು ಹಿಮಗಟ್ಟಿಸಿ ಲಂಡನ್ನಿಗೆ ಹೊರಟಿತು. ಮೇ ತಿಂಗಳಲ್ಲಿ ಕೆಡದೆ ತಲುಪಿತು. ಅಲ್ಲಿಯವರೆಗೆ ಉಣ್ಣೆ ಕತ್ತರಿಸಿದ ಮೇಲೆ ಮುದಿ ಕುರಿಗೆ ಬೆಲೆಯೇ ಇರಲಿಲ್ಲ. ಕುದಿಸಿ ಕೊಬ್ಬು ತೆಗೆದು ಸಾಬೂನು, ಮೇಣದಬತ್ತಿಗೆ ಮಾರುತ್ತಿದ್ದರು. ಹಡಗು ತಲುಪಿದ ಮೇಲೆ ಕುರಿ ಎಂದರೆ ಮಾಂಸವೂ ಆಯಿತು, ಬೆಣ್ಣೆಗೂ ಲಂಡನ್ನಿನ ದಾರಿ ತೆರೆಯಿತು. ನೂರಿನ್ನೂರು ಎಕರೆಯವನೂ ಬದುಕಬಹುದು ಎನ್ನುವ ಲೆಕ್ಕ ಹುಟ್ಟಿತು, ಹರಾಜು ಕಟ್ಟೆಗಳೂ ಹೆಚ್ಚಿದವು.

ಹರಾಜು ನಡೆಸುತ್ತಿದ್ದವರು 'ಸ್ಟಾಕ್ ಅಂಡ್ ಸ್ಟೇಷನ್ ಏಜೆಂಟ್'ಗಳು. ಡಾಲ್ಗೆಟಿ, ರೈಟ್ ಸ್ಟೀಫನ್‌ಸನ್, ತಾರಾನಾಕಿಯಲ್ಲಿ ನ್ಯೂಟನ್ ಕಿಂಗ್ ಇವೆಲ್ಲ ಆ ಕಾಲದ ದೊಡ್ಡ ಹೆಸರುಗಳು. ನಮ್ಮ ಮಂಡಿ ಸಾಹುಕಾರ, ದಲ್ಲಾಳಿ, ಗೊಬ್ಬರದ ಅಂಗಡಿ, ಬ್ಯಾಂಕು ನಾಲ್ಕೂ ಒಂದೇ ಸೂರಿನಡಿ ಇದ್ದ ಹಾಗೆ. ಬರುವ ವರ್ಷದ ಉಣ್ಣೆಯ ಮೇಲೆ ಮುಂಗಡ ಕೊಡುವವನೂ ಅವನೇ, ಬೀಜ ಬೇಲಿತಂತಿ ಸಾಲ ಕೊಡುವವನೂ ಅವನೇ, ಕೊನೆಗೆ ಕುರಿ ಮಾರಿಸಿಕೊಟ್ಟು ಕಮಿಷನ್ ಹಿಡಿದು ಉಳಿದದ್ದನ್ನು ಖಾತೆಗೆ ಜಮಾ ಮಾಡುವವನೂ ಅವನೇ. ಸಾಲವಿದ್ದ ರೈತ ಬೇರೊಬ್ಬನ ಕಟ್ಟೆಗೆ ಕುರಿ ಹೊಡೆದುಕೊಂಡು ಹೋಗುವಂತಿರಲಿಲ್ಲ.

ಹರಾಜಿನ ದಿನ ಕಟ್ಟೆಯಲ್ಲಿ ಸಾಲುಸಾಲು ಮರದ ದೊಡ್ಡಿಗಳು. ದೊಡ್ಡಿಗಳ ಬೇಲಿಯ ಮೇಲೆ ಉದ್ದಕ್ಕೂ ಹಲಗೆ ಹಾಸಿರುತ್ತಿದ್ದರು. ಹರಾಜುಗಾರ ಆ ಹಲಗೆಯ ಮೇಲೆ ದೊಡ್ಡಿಯಿಂದ ದೊಡ್ಡಿಗೆ ನಡೆಯುತ್ತಾ ಕೂಗುತ್ತಾನೆ, ಹಿಂದೆ ಗುಮಾಸ್ತ ಪುಸ್ತಕ ಹಿಡಿದು ಬರೆದುಕೊಳ್ಳುತ್ತಾನೆ, ಕೆಳಗೆ ನಿಂತವರು ಗಂಟಲು ತೆರೆಯದೆ ಹುಬ್ಬಿನಲ್ಲೋ ಬೆರಳಿನಲ್ಲೋ ಬೆಲೆ ಏರಿಸುತ್ತಾರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿದವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮಲ್ಲಿ ಬೆಲೆ ಇಬ್ಬರ ನಡುವಿನ ಗುಟ್ಟು, ಅಲ್ಲಿ ಊರಿಗೆಲ್ಲ ಕೇಳಿಸುವ ಕೂಗು.

ಹಾಗೆಂದು ಕಟ್ಟೆಯಲ್ಲಿ ಮೋಸವೇ ಇರಲಿಲ್ಲ ಎಂದಲ್ಲ. ವ್ಯಾಪಾರಿಗಳು ಒಳಗೊಳಗೇ ಕೂಡಿಕೊಂಡು ಬೆಲೆ ಏರದಂತೆ ತಡೆಯುತ್ತಿದ್ದರು. ಯಾರೂ ಕೂಗದ ಬೆಲೆಯನ್ನು ಹರಾಜುಗಾರ ಬೇಲಿಕಂಬದಿಂದ 'ಕೇಳಿಸಿಕೊಳ್ಳುತ್ತಿದ್ದ'. ಮರುದಿನ ಪತ್ರಿಕೆಯಲ್ಲಿ ಬರುವ ಮಾರುಕಟ್ಟೆ ವರದಿಯನ್ನು ಬರೆದು ಕಳಿಸುತ್ತಿದ್ದವರು ಬಹುಪಾಲು ಏಜೆಂಟರೇ, ಹಾಗಾಗಿ ಅವರ ವರದಿಯಲ್ಲಿ ಬೆಲೆ ಯಾವಾಗಲೂ 'ಸ್ಥಿರ'. ಆದರೂ ಸುಳ್ಳಿಗೆ ಒಂದು ಗಡಿ ಇತ್ತು. ಐವತ್ತು ಕಡಸು ಎಂದು ಜಾಹೀರಾತು ಕೊಟ್ಟು ನಲವತ್ತು ನಿಲ್ಲಿಸಿದರೆ ಎಣಿಸಲು ಇನ್ನೂರು ಜನ ಅಲ್ಲೇ ಇದ್ದರು. ಏಜೆಂಟನೂ ಅದೇ ಊರಿನವನು, ಮುಂದಿನ ವಾರ ಅವನು ಅದೇ ಹಲಗೆಯ ಮೇಲೆ ನಿಲ್ಲಬೇಕಿತ್ತು.

ಗುಳಿಗೆಯವನಿಗೆ ಈ ಕಷ್ಟ ಇರಲಿಲ್ಲ, ಅವನಿದ್ದದ್ದು ಸಮುದ್ರದಾಚೆ. 'ಡಾಕ್ಟರ್ ವಿಲಿಯಮ್ಸ್ ಪಿಂಕ್ ಪಿಲ್ಸ್ ಫಾರ್ ಪೇಲ್ ಪೀಪಲ್' ಎಂಬ, ಬಿಳುಚಿಕೊಂಡವರಿಗೆಂದೇ ಮಾರಿದ ಗುಲಾಬಿ ಗುಳಿಗೆಯನ್ನೇ ನೋಡಿ. ಕೆನಡಾದ ಜಾರ್ಜ್ ಫುಲ್ಫೋರ್ಡ್ 1890ರಲ್ಲಿ ಅದರ ಹಕ್ಕನ್ನು ಕೊಂಡದ್ದು ಐವತ್ತು ಚಿಲ್ಲರೆ ಡಾಲರಿಗೆ. ಕೆಲವೇ ವರ್ಷಗಳಲ್ಲಿ ಗುಳಿಗೆ ಪ್ರಪಂಚವೆಲ್ಲ ಸುತ್ತಿತು. ನ್ಯೂಜಿಲೆಂಡಿನಲ್ಲಿ ಡಬ್ಬಿಗೆ 3 ಷಿಲಿಂಗ್, ಆರು ಡಬ್ಬಿಗೆ 16 ಷಿಲಿಂಗ್ 6 ಪೆನ್ಸ್. ಇದನ್ನು ಮಾರಿದ್ದು ಔಷಧಿಯ ಗುಣವಲ್ಲ, ಬರವಣಿಗೆಯ ಚಾಲಾಕಿ. ಜಾಹೀರಾತು ಥೇಟ್ ಊರ ಸುದ್ದಿಯ ಹಾಗೆ ಶುರುವಾಗುತ್ತದೆ. ಇಂಥ ಬೀದಿಯ ಇಂಥ ಹೆಂಗಸು, ಹೆಸರು ವಿಳಾಸ ಎಲ್ಲ ಸಮೇತ. ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳುಚಿಕೊಂಡಿದೆ, ಡಾಕ್ಟರು ಕೈಬಿಟ್ಟಿದ್ದಾರೆ. ಅರ್ಧ ಕಾಲಂ ಅವಳ ಗೋಳು ಓದಿ ಮನಸ್ಸು ಕರಗುವ ಹೊತ್ತಿಗೆ ಯಾರೋ ಒಂದು ಡಬ್ಬಿ ತಂದುಕೊಡುತ್ತಾರೆ. ಹಲವು ಪತ್ರಿಕೆಗಳಲ್ಲಿ ಇದು ಸುದ್ದಿಯದೇ ಅಕ್ಷರದ ಅಳತೆಯಲ್ಲಿ, ಸುದ್ದಿಗಳ ನಡುವೆಯೇ ಅಚ್ಚಾಗಿದೆ. ಪರೀಕ್ಷಿಸಲಾಗದ ಸರಕಿಗೆ ಪಕ್ಕದ ಮನೆಯವಳ ಮುಖ ಅಂಟಿಸುವುದೇ ಅದರ ಉಪಾಯ.

ಗುಲಾಬಿ ಗುಳಿಗೆಯಲ್ಲಿದ್ದ ಮುಖ್ಯ ವಸ್ತು ಕಬ್ಬಿಣದ ಲವಣ. ರಕ್ತಹೀನತೆಗೆ ಕಬ್ಬಿಣ ನಿಜಕ್ಕೂ ಕೆಲಸ ಮಾಡುತ್ತದೆ ಎಂಬುದನ್ನು ಒಪ್ಪಲೇಬೇಕು. ವರ್ಷಕ್ಕೊಂದು ಹೆತ್ತು, ಕತ್ತಲಲ್ಲೆದ್ದು ಹಾಲು ಕರೆಯುತ್ತಿದ್ದ ಹೆಂಗಸರಲ್ಲಿ ಕೆಲವರಿಗೆ ಚೇತರಿಕೆ ಕಂಡಿರಬಹುದು. ಪಾರ್ಶ್ವವಾಯು ವಾಸಿಯಾಗುತ್ತದೆ ಎಂದದ್ದು ಮಾತ್ರ ಶುದ್ಧ ಸುಳ್ಳು. 'ಡಬ್ಬಿಗೆ ಒಂದು ಗಿನಿ (21 ಷಿಲಿಂಗ್) ಬೆಲೆ' ಎಂದು ಕೊಚ್ಚಿಕೊಂಡ ಬೀಚಮ್ಸ್ ಗುಳಿಗೆಯಲ್ಲಿ ಲೋಳೆಸರ, ಶುಂಠಿ, ಸಾಬೂನು ಬಿಟ್ಟು ಬೇರೇನಿಲ್ಲ, ಒಂದು ಡಬ್ಬಿಯ ಸಾಮಾನಿನ ಖರ್ಚು ಅರ್ಧ ಫಾರ್ದಿಂಗ್ (ಪೆನ್ನಿಯ ಎಂಟನೇ ಒಂದು ಪಾಲು) ಎಂದು ಬ್ರಿಟಿಷ್ ವೈದ್ಯರ ಸಂಘ 1909ರಲ್ಲಿ ಲೆಕ್ಕ ಕೊಟ್ಟಿತು. ನಿಜವಾಗಿ ಹೆದರಬೇಕಾದವು ಬೇರೆ ಇದ್ದವು. ಹಲ್ಲು ಬರುವ ಮಗುವಿಗೆಂದು ಮಾರಿದ 'ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್'ನಲ್ಲಿ ಇದ್ದದ್ದು ಮಾರ್ಫಿನ್. ಭಾರತದಲ್ಲಿದ್ದ ಸೇನಾ ವೈದ್ಯ ಕಾಲಿಸ್ ಬ್ರೌನ್ ಕಾಲರಾಕ್ಕೆಂದು ಕೂಡಿಸಿದ ಕ್ಲೋರೋಡೈನ್‌ನಲ್ಲಿ ಅಫೀಮು, ಗಾಂಜಾ, ಕ್ಲೋರೋಫಾರ್ಮ್ ಮೂರೂ ಇದ್ದವು. ಡಾಕ್ಟರ ಮನೆಗೆ ಅರ್ಧ ದಿನದ ಕೆಸರುದಾರಿ ಇದ್ದವರ ಅಲಮಾರಿನಲ್ಲಿ ಇಂಥ ಸೀಸೆಗಳು ಇರದೆ ಇನ್ನೇನಿರಬೇಕು?

ಈ ವ್ಯಾಪಾರದ ಒಳಗುಟ್ಟು ಕೋರ್ಟಿನಲ್ಲಿ ಬಯಲಾದದ್ದು 'ಬೈಲ್ ಬೀನ್ಸ್' ಎಂಬ ಪಿತ್ತದ ಗುಳಿಗೆಯ ಪ್ರಕರಣದಲ್ಲಿ. ಚಾರ್ಲ್ಸ್ ಫೋರ್ಡ್ ಎಂಬ ಮಹಾ ವಿಜ್ಞಾನಿ ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲಿ ರಹಸ್ಯ ಮೂಲಿಕೆ ಕಂಡುಹಿಡಿದ ಎಂಬುದು ಜಾಹೀರಾತಿನ ಕಥೆ. ಎಡಿನ್‌ಬರೊದ ಡೇವಿಡ್‌ಸನ್ ಎಂಬ ಔಷಧ ವ್ಯಾಪಾರಿ ಅದೇ ಹೆಸರಿನಲ್ಲಿ ಗುಳಿಗೆ ಮಾರಿದಾಗ, ಹೆಸರು ತನ್ನದೆಂದು ಕಂಪನಿ ದಾವೆ ಹೂಡಿತು. ವಿಚಾರಣೆಯಲ್ಲಿ ಹೊರಬಿದ್ದದ್ದೇನು? ಆ ವಿಜ್ಞಾನಿ ಹುಟ್ಟೇ ಇಲ್ಲ, ಮೂಲಿಕೆಯೂ ಇಲ್ಲ, ಗುಳಿಗೆ ಬರುತ್ತಿದ್ದದ್ದು ಅಮೆರಿಕದ ಒಂದು ಔಷಧ ಕಾರ್ಖಾನೆಯಿಂದ. ಮೋಸದ ಮೇಲೆ ಕಟ್ಟಿದ ವ್ಯಾಪಾರಕ್ಕೆ ಕಾನೂನು ರಕ್ಷಣೆ ಕೊಡುವುದಿಲ್ಲ ಎಂದು 1905ರಲ್ಲಿ ಬಂದ ತೀರ್ಪನ್ನು ಮರುವರ್ಷ ಮೇಲಿನ ಪೀಠವೂ ಎತ್ತಿಹಿಡಿಯಿತು. ಅಷ್ಟಾದ ಮೇಲೂ ಬೈಲ್ ಬೀನ್ಸ್ ದಶಕಗಟ್ಟಲೆ ಮಾರಾಟವಾಯಿತು!

ಇತ್ತ ದನಕುರಿಗೂ ಸೀಸೆ ಔಷಧಿಯ ಕಾಟ ತಪ್ಪಿರಲಿಲ್ಲ. ಹಸುವಿನ ಕೆಚ್ಚಲುಬಾವು, ಕಂದು ಹಾಕುವುದು, ಬಾಣಂತಿ ಹಸುವಿನ ಹಾಲುಜ್ವರ ಎಲ್ಲಕ್ಕೂ ಕುಡಿಸುವ 'ಡ್ರೆಂಚ್'ಗಳ ಜಾಹೀರಾತು ಹರಾಜಿನ ಕಾಲಂಗೆ ಅಂಟಿಕೊಂಡೇ ಬರುತ್ತಿತ್ತು. ಆದರೆ ಇಲ್ಲಿ ಮದ್ದನ್ನು ಮೀರಿಸಿದ್ದು ಸೈಕಲ್ ಪಂಪು. ಕರು ಹಾಕಿದ ಹಸು ಹಾಲುಜ್ವರ ಬಂದು ಬಿದ್ದರೆ ಅರ್ಧಕ್ಕಿಂತ ಹೆಚ್ಚು ಸಾಯುತ್ತಿದ್ದವು. 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಶ್ಮಿಟ್ ಕೆಚ್ಚಲಿಗೆ ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ಏರಿಸಿ ಹಸುಗಳನ್ನು ಉಳಿಸಿದ. ಕೆಲವೇ ವರ್ಷಗಳಲ್ಲಿ ತಿಳಿದದ್ದು, ದ್ರಾವಣವೂ ಬೇಡ, ಬರೀ ಗಾಳಿ ಸಾಕು ಎಂದು. ಮೊಲೆಗೆ ಕೊಳವೆ ತೂರಿಸಿ ಕೆಚ್ಚಲು ಬಿಗಿಯುವವರೆಗೆ ಗಾಳಿ ಹೊಡೆದು ಮೊಲೆತೊಟ್ಟಿಗೆ ಪಟ್ಟಿ ಕಟ್ಟಿದರೆ, ಸತ್ತಂತೆ ಬಿದ್ದಿದ್ದ ಹಸು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತಿತ್ತು. ಹಾಲು ಇಳಿಯುವುದು ನಿಂತು, ರಕ್ತದ ಕ್ಯಾಲ್ಸಿಯಂ ಸೋರಿಹೋಗುವುದು ತಪ್ಪುವುದೇ ಕಾರಣ ಎಂದು ವಿಜ್ಞಾನ ಹೇಳಿದ್ದು ತೀರ ತಡವಾಗಿ. ಗಾಳಿಯನ್ನು ಸೀಸೆಗೆ ತುಂಬಿ ಮಾರಲು ಮಾತ್ರ ಯಾರಿಗೂ ಆಗಲಿಲ್ಲ.

ಇಂಥ ವಿದ್ಯೆ ಹರಡಲು ಕಾರಣ ಸರ್ಕಾರ. ಕುರಿ ಕಜ್ಜಿ ಹಬ್ಬಿದರೆ ಉಣ್ಣೆಯ ರಫ್ತಿಗೇ ಪೆಟ್ಟು. ಹಾಗಾಗಿ ಬಹಳ ಹಿಂದೆಯೇ ತಪಾಸಣಾಧಿಕಾರಿ, ದಂಡ, ಕುರಿಗಳಿಗೆ ಕಡ್ಡಾಯ ಮದ್ದುನೀರಿನ ಸ್ನಾನ ಎಲ್ಲ ಬಂದಿದ್ದವು. 1890ರ ದಶಕದ ಮೊದಲಿಗೆ ದೇಶ ಕಜ್ಜಿಮುಕ್ತವಾಯಿತು. (ಆ ಸ್ನಾನದ ತೊಟ್ಟಿಗಳಲ್ಲಿ ಬಹಳ ಕಾಲ ಬಳಸಿದ್ದು ಆರ್ಸೆನಿಕ್. ಅಂಥ ಹಳೆಯ ಜಾಗಗಳು ಸುಮಾರು 50,000 ಇರಬಹುದು ಎಂಬ ಅಂದಾಜಿದೆ, ಮಣ್ಣಿನ ವಿಷ ಇನ್ನೂ ಹೋಗಿಲ್ಲ.) 1892ರಲ್ಲಿ ಕೃಷಿ ಇಲಾಖೆ ಹುಟ್ಟಿತು, ಮರುವರ್ಷ ಸ್ಕಾಟ್ಲೆಂಡಿನಿಂದ ಪಶುವೈದ್ಯ ಜಾನ್ ಗಿಲ್ರುತ್ ಬಂದ.

ಆ ಇಲಾಖೆಯ ಒಂದು ಕೆಲಸವಂತೂ ಗುಲಾಬಿ ಗುಳಿಗೆಯ ಪಕ್ಕ ಇಟ್ಟು ನೋಡಬೇಕಾದದ್ದು. ಉತ್ತರ ದ್ವೀಪದ ನಡುಭಾಗದ ಜ್ವಾಲಾಮುಖಿ ಮಣ್ಣಿನಲ್ಲಿ ಹುಲ್ಲು ಹಸಿರಾಗಿಯೇ ಇದ್ದರೂ ಮೇದ ದನಕುರಿ ಬಿಳುಚಿಕೊಂಡು, ಸೊರಗಿ ಸಾಯುತ್ತಿದ್ದವು. 'ಬುಷ್ ಸಿಕ್‌ನೆಸ್' ಎಂದು ಕರೆದರು. ರಕ್ತಹೀನತೆ ಎಂದ ಮೇಲೆ ಕಬ್ಬಿಣದ ಕೊರತೆಯೇ ಎಂದು ರಸಾಯನತಜ್ಞ ಬರ್ನಾರ್ಡ್ ಆಸ್ಟನ್ ವಾದಿಸಿದ, ಕಬ್ಬಿಣದ ಅದಿರನ್ನು ನೆಕ್ಕಿಸಿದಾಗ ಕುರಿಗಳು ಚೇತರಿಸಿಕೊಂಡವು. ಗುಳಿಗೆ ವ್ಯಾಪಾರಿಯಾಗಿದ್ದರೆ ಕಥೆ ಅಲ್ಲಿಗೇ ಮುಗಿದು ಜಾಹೀರಾತು ಶುರುವಾಗುತ್ತಿತ್ತು. ಆದರೆ ಒಂದು ಕಡೆಯ ಅದಿರು ಗುಣ ಕೊಟ್ಟರೆ ಇನ್ನೊಂದು ಕಡೆಯದು ಕೊಡಲಿಲ್ಲ, ಪ್ರಯೋಗ ಮುಂದುವರಿಯಿತು. 1930ರ ದಶಕದಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕೊರತೆ ಇರುವುದು ಕೋಬಾಲ್ಟಿನದು ಎಂದು ತೋರಿಸಿದರು. ಅದಿರಿನಲ್ಲಿ ಬೆರೆತಿದ್ದ ಚೂರು ಕೋಬಾಲ್ಟೇ ಅಷ್ಟು ದಿನ ಕೆಲಸ ಮಾಡಿತ್ತು. ಗೊಬ್ಬರಕ್ಕೆ ಕೋಬಾಲ್ಟ್ ಸೇರಿಸಿದ ಮೇಲೆ ಆ ಬಯಲು ಹೈನುಗಾರಿಕೆಗೆ ತೆರೆಯಿತು.

ಮನುಷ್ಯರ ಗುಳಿಗೆಗೆ ಇಂಥ ಪ್ರಯೋಗ ಯಾಕೆ ಬರಲಿಲ್ಲ? ಬಿಳುಚಿದ ಕುರಿ ದೇಶದ ರಫ್ತಿನ ನಷ್ಟ, ಬಿಳುಚಿದ ಹೆಂಗಸು ಅವಳ ಮನೆಯ ಚಿಂತೆ ಎಂಬ ಲೆಕ್ಕ ಒಂದು. ಇನ್ನೊಂದು ಪತ್ರಿಕೆಗಳದೇ ಹಂಗು. ಅಮೆರಿಕದಲ್ಲಿ ಔಷಧ ಕಂಪನಿಗಳು ಪತ್ರಿಕೆಗಳ ಜೊತೆಗಿನ ಕರಾರಿನಲ್ಲೇ, ನಿಮ್ಮ ರಾಜ್ಯದಲ್ಲಿ ನಮಗೆ ವಿರುದ್ಧವಾದ ಕಾನೂನು ಬಂದರೆ ಜಾಹೀರಾತು ರದ್ದು ಎಂಬ ಷರತ್ತು ಹಾಕುತ್ತಿದ್ದದ್ದು 1905ರಲ್ಲಿ ಬಯಲಾಯಿತು. ಆಸ್ಟ್ರೇಲಿಯದಲ್ಲಿ ರಹಸ್ಯ ಔಷಧಿಗಳ ಬಗ್ಗೆ ರಾಯಲ್ ಕಮಿಷನ್ (ಸರ್ಕಾರ ನೇಮಿಸಿದ ವಿಚಾರಣಾ ಆಯೋಗ) ಆಗಿ 1907ರಲ್ಲಿ ಭಾರೀ ವರದಿ ಕೊಟ್ಟವನು ಆಕ್ಟೇವಿಯಸ್ ಬೀಲ್, ವೃತ್ತಿಯಲ್ಲಿ ಪಿಯಾನೊ ತಯಾರಕ! ನ್ಯೂಜಿಲೆಂಡ್ 1908ರಲ್ಲಿ ನಕಲಿ ವೈದ್ಯ ತಡೆ ಕಾಯ್ದೆ ತಂದಿತಾದರೂ ಜಾಹೀರಾತಿನ ಭರಾಟೆ ನಿಲ್ಲಲಿಲ್ಲ. ಜಾನುವಾರು ಔಷಧಿಗಳನ್ನು ನೋಂದಾಯಿಸಬೇಕೆಂಬ ಕಾಯ್ದೆ 1934ರಲ್ಲಿ ಬಂತು. ಮನುಷ್ಯರ ಔಷಧಿ ಜಾಹೀರಾತಿನ ಮಾತುಗಳನ್ನು ಪ್ರಶ್ನಿಸುವ ಮಂಡಳಿಗೆ 1942ರ ಕಾಯ್ದೆಯವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಮಾಂತ್ರಿಕ ಔಷಧಿಗಳ ಜಾಹೀರಾತಿನ ವಿರುದ್ಧದ ಕಾಯ್ದೆ 1954ರದ್ದು. ಬಸ್ ನಿಲ್ದಾಣದ ಗೋಡೆಗಳು ಅದನ್ನು ಇನ್ನೂ ಓದಿದಂತಿಲ್ಲ.

ಫೀಲ್ಡಿಂಗ್‌ನ ಕಟ್ಟೆಯಲ್ಲಿ ಹರಾಜು ಈಗಲೂ ನಡೆಯುತ್ತದೆ. ಔಷಧಿಯ ವಿಷಯಕ್ಕೆ ಬಂದರೆ, ವೈದ್ಯರ ಚೀಟಿ ಇಲ್ಲದೆ ಕೊಳ್ಳಲಾಗದ ಮದ್ದನ್ನೂ ನೇರ ಜನರಿಗೇ ಜಾಹೀರಾತು ಮಾಡಲು ಬಿಟ್ಟಿರುವ ಶ್ರೀಮಂತ ದೇಶಗಳು ಎರಡೇ ಎರಡು. ಒಂದು ಅಮೆರಿಕ, ಇನ್ನೊಂದು ನ್ಯೂಜಿಲೆಂಡ್. ಇದನ್ನು ನಿಲ್ಲಿಸಿ ಎಂದು ಅಲ್ಲಿನ ವೈದ್ಯರು ಹಲವು ಸಲ ಕೇಳಿದ್ದಾರೆ.