ಸಾಂಬಾ ಸರ್ವರ್ ವಿಂಡೋಸ್‌ನಲ್ಲಿ ಕಾಣುತ್ತಿಲ್ಲ, ಎಸ್‌ಎಂಬಿ 1 ಆನ್ ಮಾಡಲೇ?

ಪ್ರಶ್ನೆ: ನಮ್ಮ ಸಣ್ಣ ಮುದ್ರಣಾಲಯದಲ್ಲಿ ಕಡತಗಳನ್ನು ಇಡಲೆಂದೇ ಉಬುಂಟು ಲಿನಕ್ಸ್ ಹಾಕಿದ ಒಂದು ಕಂಪ್ಯೂಟರ್ ಇದೆ. ಲಿನಕ್ಸ್ ಕಡತಗಳನ್ನು ವಿಂಡೋಸ್‌ಗೆ ಹಂಚುವ ಸಾಂಬಾ ತಂತ್ರಾಂಶದ ಮೂಲಕ ಅದರ ಒಂದು ಫೋಲ್ಡರನ್ನು ಎಲ್ಲರಿಗೂ ಹಂಚಿದ್ದೇನೆ. ವಿಂಡೋಸ್ 7 ಇದ್ದಾಗ ‘ನೆಟ್‌ವರ್ಕ್’ ತೆರೆದರೆ ಸರ್ವರಿನ ಹೆಸರು ಕಾಣುತ್ತಿತ್ತು. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಕಾಣುವುದೇ ಇಲ್ಲ. ಎಸ್‌ಎಂಬಿ 1 ಆನ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಎಸ್‌ಎಂಬಿ ಎಂದರೆ ಜಾಲದಲ್ಲಿ ಕಡತ ಹಂಚಿಕೊಳ್ಳಲು ವಿಂಡೋಸ್ ಬಳಸುವ ವಿಧಾನ, ಎಸ್‌ಎಂಬಿ 1 ಅದರ ಹಳೆಯ ಆವೃತ್ತಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬ್ರಿಟನ್ನಿನ ಆಸ್ಪತ್ರೆಗಳವರೆಗೆ ಹಬ್ಬಿದ್ದು ಎಸ್‌ಎಂಬಿ 1ರಲ್ಲಿದ್ದ ಲೋಪದ ಮೂಲಕವೇ. ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲಿ ತೇಪೆ ಹಾಕಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಸ್ಥಾಪಿಸಿದ ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಇರುವುದಿಲ್ಲ. ಸಾಂಬಾ ಕೂಡ 2019ರಲ್ಲಿ, 4.11ನೇ ಆವೃತ್ತಿಯಿಂದ, ಅದನ್ನು ತಾನಾಗಿಯೇ ಆಫ್ ಮಾಡಿಟ್ಟಿದೆ. ಹಾಗಾಗಿ ವಿಂಡೋಸ್ ಕಡೆ ಮಾತ್ರ ಆನ್ ಮಾಡಿ ಪ್ರಯೋಜನವೂ ಇಲ್ಲ.

ಆದರೆ ಹೆಸರು ಮಾಯವಾದದ್ದು ಏಕೆ? ‘ನೆಟ್‌ವರ್ಕ್’ನಲ್ಲಿ ಕಾಣುವುದು ಬೇರೆ, ಫೋಲ್ಡರ್ ತೆರೆಯುವುದು ಬೇರೆ. ಹಿಂದೆ ಒಂದೇ ಜಾಲದ ಯಂತ್ರಗಳು ನೆಟ್‌ಬಯೋಸ್ ಎಂಬ ಹಳೆಯ ವ್ಯವಸ್ಥೆಯ ಮೂಲಕ ತಮ್ಮೊಳಗೇ ಚುನಾವಣೆ ನಡೆಸಿ ಒಂದನ್ನು ಮಾಸ್ಟರ್ ಬ್ರೌಸರ್ ಆಗಿ ಆರಿಸಿಕೊಳ್ಳುತ್ತಿದ್ದವು. ಯಾರು ಯಾರು ಇದ್ದಾರೆ ಎಂಬ ಪಟ್ಟಿ ಅದರ ಬಳಿ ಇರುತ್ತಿತ್ತು. ಆ ಪಟ್ಟಿಯನ್ನು ನಂಬುವ ಹಾಗೂ ಇರಲಿಲ್ಲವೆನ್ನಿ; ಸ್ವಿಚ್ ಆಫ್ ಮಾಡಿದ ಯಂತ್ರದ ಹೆಸರೂ ಎಷ್ಟೋ ಹೊತ್ತು ಅಲ್ಲೇ ಇರುತ್ತಿತ್ತು. ಈ ಏರ್ಪಾಡು ಎಸ್‌ಎಂಬಿ 1ರ ಜೊತೆಗೇ ಹೋಯಿತು. ಈಗಿನ ವಿಂಡೋಸ್ ಡಬ್ಲ್ಯೂಎಸ್-ಡಿಸ್ಕವರಿ ಎಂಬ ಬೇರೆ ವಿಧಾನದಿಂದ ನೆರೆಯವರನ್ನು ಹುಡುಕುತ್ತದೆ. ಸಾಂಬಾಕ್ಕೆ ಆ ಭಾಷೆ ಬರುವುದಿಲ್ಲ.

ಮೊದಲು ಒಂದು ಪರೀಕ್ಷೆ ಮಾಡಿ. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಲ್ಲಿ ಎರಡು ಹಿಂಬದಿ ಗೆರೆ ಹಾಕಿ ಸರ್ವರಿನ ಐಪಿ ವಿಳಾಸವನ್ನೇ ಬರೆಯಿರಿ, \\192.168.1.10 ಎಂಬಂತೆ. ಫೋಲ್ಡರ್ ಬಂದರೆ ಹಂಚಿಕೆಯಲ್ಲಿ ದೋಷವಿಲ್ಲ. ಆ ವಿಳಾಸ ಬದಲಾಗದಂತೆ ರೂಟರ್‌ನಲ್ಲಿ ಕಾಯ್ದಿರಿಸಿ, ಫೋಲ್ಡರನ್ನು ಒಂದು ಡ್ರೈವ್ ಅಕ್ಷರಕ್ಕೆ ಮ್ಯಾಪ್ ಮಾಡಿಬಿಡಿ. ನನ್ನನ್ನು ಕೇಳಿದರೆ ದಿನದ ಕೆಲಸಕ್ಕೆ ಇಷ್ಟೇ ಸಾಕು. ಹೆಸರು ಕಾಣಲೇಬೇಕು ಎಂದಾದರೆ ಉಬುಂಟುವಿನಲ್ಲಿ, ಡಬ್ಲ್ಯೂಎಸ್-ಡಿಸ್ಕವರಿಗೆ ಉತ್ತರಿಸುವ ಡಬ್ಲ್ಯೂಎಸ್‌ಡಿಡಿ (wsdd) ಎಂಬ ಪುಟ್ಟ ಪ್ಯಾಕೇಜ್ ಹಾಕಿ, ಅದು ಸೇವೆಯಾಗಿ ಓಡುತ್ತಿದೆಯೇ ನೋಡಿಕೊಳ್ಳಿ. ಇಲ್ಲೊಂದು ಸಣ್ಣ ತೊಡಕಿದೆ. ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ ಸಾಂಬಾಕ್ಕೆ ಅನುಮತಿ ಕೊಟ್ಟರೆ ಕಡತಗಳು ಓಡಾಡುವ 445ನೇ ಪೋರ್ಟ್ ತೆರೆಯುತ್ತದೆಯೇ ಹೊರತು ಈ ಹುಡುಕಾಟಕ್ಕೆ ಬೇಕಾದ ಯುಡಿಪಿ 3702 ಮತ್ತು ಟಿಸಿಪಿ 5357 ತೆರೆಯುವುದಿಲ್ಲ. ಅವನ್ನು ನೀವೇ ತೆರೆಯಬೇಕು. ವಿಂಡೋಸ್‌ನಲ್ಲಿ ಆ ವೈ-ಫೈ ‘ಪಬ್ಲಿಕ್’ ಎಂದು ಗುರುತಾಗಿದ್ದರೆ ‘ಪ್ರೈವೇಟ್’ ಮಾಡಿ.

ಐಪಿ ವಿಳಾಸ ಕೊಟ್ಟ ಮೇಲೆ ಪಾಸ್‌ವರ್ಡ್ ಕೇಳಿ, ಸರಿಯಾದದ್ದನ್ನೇ ಕೊಟ್ಟರೂ ಒಪ್ಪದಿದ್ದರೆ? ಹೆಚ್ಚಿನವರು ಎಡವುವುದು ಇಲ್ಲೇ. ಉಬುಂಟುವಿಗೆ ಲಾಗಿನ್ ಆಗುವ ಪಾಸ್‌ವರ್ಡ್ ಸಾಂಬಾಕ್ಕೆ ಗೊತ್ತಿರುವುದಿಲ್ಲ. ಅದು ತನ್ನದೇ ಪ್ರತ್ಯೇಕ ಪಟ್ಟಿ ಇಟ್ಟುಕೊಂಡಿರುತ್ತದೆ. ಟರ್ಮಿನಲ್‌ನಲ್ಲಿ smbpasswd ಎಂಬ ಆದೇಶದ ‘-a’ ಆಯ್ಕೆಯಿಂದ ಆ ಬಳಕೆದಾರನನ್ನು ಅದರಲ್ಲಿ ಸೇರಿಸಬೇಕು. ಪಾಸ್‌ವರ್ಡೇ ಇಲ್ಲದೆ ಅತಿಥಿಯಾಗಿ ಬಿಡೋಣ ಎಂದರೆ ಆ ಕಾಲ ಮುಗಿಯಿತು. ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿ ಪ್ರತಿ ಸಂಪರ್ಕಕ್ಕೂ ಡಿಜಿಟಲ್ ಸಹಿ ಕೇಳುತ್ತದೆ, ಅತಿಥಿ ಸಂಪರ್ಕದಲ್ಲಿ ಸಹಿ ಸಾಧ್ಯವಿಲ್ಲ. ಪ್ರತಿಯೊಬ್ಬರಿಗೂ ಒಂದು ಖಾತೆ ಮಾಡಿಕೊಡುವುದೇ ಲೇಸು.

ಒಮ್ಮೆ ತಪ್ಪು ಹೆಸರಿನಲ್ಲಿ ಸಂಪರ್ಕಿಸಿದ್ದರೆ ವಿಂಡೋಸ್ ಅದನ್ನೇ ಹಿಡಿದುಕೊಂಡು ಕೂರುತ್ತದೆ. ಹೆಸರು ಬದಲಿಸಿದರೆ 1219 ಸಂಖ್ಯೆಯ ದೋಷ ತೋರಿಸುತ್ತದೆ. ಒಂದೇ ಸರ್ವರಿಗೆ ಎರಡು ಹೆಸರಿನಲ್ಲಿ ಹೋಗಲು ಬಿಡೆನು ಎಂಬುದು ಅದರ ತಕರಾರು. ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದಿರುವ ಹಳೆಯ ಹೆಸರನ್ನು ಅಳಿಸಿ, ಸೈನ್ ಔಟ್ ಮಾಡಿ ಮತ್ತೆ ಒಳಬನ್ನಿ.

ಫೋಲ್ಡರಿನ ಹೆಸರು ಕಂಡರೂ ಒಳಗೆ ಬಿಡದಿದ್ದರೆ ತಪ್ಪು ಹೆಚ್ಚಾಗಿ ಸಾಂಬಾದ್ದಲ್ಲ, ಲಿನಕ್ಸ್ ಅನುಮತಿಯದ್ದು. ಉಬುಂಟು 21.04ರಿಂದ ಹೊಸ ಹೋಮ್ ಡೈರೆಕ್ಟರಿಗಳಿಗೆ (ಬಳಕೆದಾರರ ಸ್ವಂತ ಫೋಲ್ಡರ್‌ಗಳಿಗೆ) 750 ಅನುಮತಿ ಇರುತ್ತದೆ, ಅಂದರೆ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ನಿಮ್ಮ ಹೋಮ್‌ನೊಳಗಿನ ಫೋಲ್ಡರ್ ಹಂಚಿದ್ದರೆ ಸಹೋದ್ಯೋಗಿಗಳ ಖಾತೆಗಳು ಅಲ್ಲೇ ನಿಲ್ಲುತ್ತವೆ. 777 ಹಾಕಿ ಎಲ್ಲವನ್ನೂ ಬಯಲು ಮಾಡುವ ಸಲಹೆಗಳಿಗೆ ಕಿವಿಗೊಡಬೇಡಿ. /srv ಕೆಳಗೆ ಒಂದು ಫೋಲ್ಡರ್ ಮಾಡಿ, ಸಿಬ್ಬಂದಿಯನ್ನೆಲ್ಲ ಒಂದು ಗುಂಪಿಗೆ ಸೇರಿಸಿ, ಆ ಗುಂಪಿಗೆ ಬರೆಯುವ ಅನುಮತಿ ಕೊಡಿ.