ಸ್ಕೂಲಿನಲ್ಲಿ ಜಾಣೆ, ಮನೆಗೆ ಬಂದರೆ ರಂಪ: ಯಾಕೆ ಹೀಗೆ?

ಮಂಡ್ಯದ ತಾಯಿಯೊಬ್ಬರು ಕೇಳಿದ್ದಾರೆ: "ಮಗಳಿಗೆ ಮೂರೂವರೆ ವರ್ಷ. ಜೂನ್‌ನಿಂದ ಪ್ರೀ ಕೆಜಿಗೆ ಹೋಗ್ತಿದ್ದಾಳೆ. ಅಲ್ಲಿ ಒಂದು ತಂಟೆಯಿಲ್ಲ, ತುಂಬಾ ಒಳ್ಳೆ ಮಗು ಅಂತಾರೆ ಮಿಸ್ಸು. ಮನೆ ಬಾಗಿಲಿಗೆ ಬಂದ ತಕ್ಷಣ ಶೂ ಬಿಚ್ಚೋಕೂ ರಂಪ. ನೀನು ಕೊಟ್ಟ ಸಲುಗೆ ಜಾಸ್ತಿಯಾಯ್ತು ಅಂತಾರೆ ಅತ್ತೆ. ತಪ್ಪು ನನ್ನದಾ?"

ಇಲ್ಲಮ್ಮ, ನಿಮ್ಮ ತಪ್ಪಲ್ಲ. ಮಗುವಿನ ತಪ್ಪೂ ಅಲ್ಲ.

ನನ್ನ ಮಗಳು ಇದೇ ವಯಸ್ಸಿನಲ್ಲಿದ್ದಾಗ ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೆವು. ಒಂದು ಮಧ್ಯಾಹ್ನ ಅವಳು ಬಂದ ತಕ್ಷಣ ಬಿಸಿ ದೋಸೆ ಹಾಕಿಕೊಟ್ಟೆ. ಬೇಗ ಆರಲಿ ಅಂತ ನಾಲ್ಕು ಚೂರು ಮಾಡಿದೆ. ಅಷ್ಟೇ. "ಅಂಟಿಸು" ಅಂದಳು. ಇನ್ನೊಂದು ದುಂಡಗಿನ ದೋಸೆ ಹಾಕಿದೆ. ಅದು ಬೇಡ, ಮೊದಲಿನದೇ ಬೇಕು, ಅದನ್ನೇ ಅಂಟಿಸಬೇಕು. ಅಡುಗೆಮನೆ ಹೊಸ್ತಿಲ ಮೇಲೆ ಬಿದ್ದು ಉರುಳಾಡಿ ಅತ್ತಳು. ಕೊನೆಗೆ ಯೂನಿಫಾರಂನಲ್ಲೇ, ಒಂದು ಕಾಲಿಗೆ ಮಾತ್ರ ಸಾಕ್ಸ್ ಇಟ್ಟುಕೊಂಡು ನಿದ್ದೆಹೋದಳು. ಆ ಒಂದು ಸಾಕ್ಸ್ ನೋಡಿದಾಗ ನನಗೆ ಗೊತ್ತಾಯಿತು, ಅವಳ ಸಂಕಟ ದೋಸೆಯದ್ದಲ್ಲ.

ಅವಳ ಬೆಳಗ್ಗೆ ಹೇಗೆ ಕಳೆಯಿತು ಅಂತ ಸ್ವಲ್ಪ ನೋಡಿ. ಮೂರು ಗಂಟೆ ಹೇಳಿದ ಜಾಗದಲ್ಲೇ ಕೂರಬೇಕು. ಜಾರುಬಂಡೆಗೆ ಸಾಲಿನಲ್ಲಿ ಕಾಯಬೇಕು. ಕೈಯಲ್ಲಿದ್ದ ಆಟದ ಸಾಮಾನು ಇನ್ನೊಬ್ಬರು ಕಿತ್ತುಕೊಂಡರೂ ಹೊಡೆಯುವಂತಿಲ್ಲ. ಸೂಸು ಬಂದರೆ ಕೇಳಬೇಕು, ಅದೂ ಎಷ್ಟೋ ಕಡೆ ಮನೆಯಲ್ಲಿ ಆಡದ ಇಂಗ್ಲಿಷ್‌ನಲ್ಲಿ. ಹೀಗೆ ತನ್ನನ್ನು ತಾನು ತಡೆದುಕೊಳ್ಳಲು ಬೇಕಾದ ಮಿದುಳಿನ ಭಾಗ ಹಣೆಯ ಹಿಂದೆ ಇದೆ. ಅದು ಪೂರ್ತಿ ಬೆಳೆಯಲು ಸುಮಾರು 25 ವರ್ಷ ಬೇಕು. ಮೂರು ವರ್ಷದ ಮಗುವಿಗೆ ಸುಮ್ನೆ ಕೂರುವುದೇ ದೊಡ್ಡ ಕೆಲಸ. ಹನ್ನೆರಡೂವರೆಗೆ ಗೇಟಿನಿಂದ ಹೊರಗೆ ಬರುವ ಹೊತ್ತಿಗೆ ಆ ಶಕ್ತಿ ಮುಗಿದಿರುತ್ತದೆ. ಬೆಳಗ್ಗೆಯಿಂದ ನುಂಗಿಕೊಂಡ ಅಳು ಅಮ್ಮನ ಮುಖ ಕಂಡ ಕೂಡಲೇ ಹೊರಗೆ ಬರುತ್ತದೆ. ಇಲ್ಲಿ ಅತ್ತರೂ ತನ್ನನ್ನು ಯಾರೂ ಬಿಡುವುದಿಲ್ಲ ಅನ್ನೋ ಧೈರ್ಯ ಅದಕ್ಕಿದೆ, ಅಲ್ವಾ?

ತಿ. ನರಸೀಪುರದಲ್ಲಿ ನಮ್ಮ ದೊಡ್ಡಮ್ಮ ಅಂಗನವಾಡಿ ನಡೆಸುತ್ತಿದ್ದರು. ಕರ್ನಾಟಕದಲ್ಲಿ ಆ ಯೋಜನೆ 1975ರಲ್ಲಿ ಮೊದಲು ಶುರುವಾಗಿದ್ದೇ ಅವರ ತಾಲ್ಲೂಕಿನಲ್ಲಿ. ನೂರಾರು ಮಕ್ಕಳ ಅಳು ಕೇಳಿದ ಕಿವಿ ಅವರದು. ದೋಸೆ ವಿಷಯ ಹೇಳಿದಾಗ ಅವರು ಅಂದದ್ದು ಒಂದೇ ಮಾತು: "ಮೊದ್ಲು ಮಗೀಗೆ ಹೊಟ್ಟೆಗಾಕವ್ವ, ಆಮೇಲ್ ಮಾತಾಡ್ಸು."

ನಾನು ಮಾಡುತ್ತಿದ್ದದ್ದು ಅದರ ತಲೆಕೆಳಗು. ಗೇಟಿನಲ್ಲೇ ಪ್ರಶ್ನೆ ಶುರು. ಇವತ್ತು ಏನು ಕಲಿತೆ? ಡಬ್ಬಿ ಖಾಲಿ ಮಾಡಿದ್ಯಾ? ಅಜ್ಜಿಗೆ ರೈಮ್ಸ್ ಹೇಳು! ದಣಿದ ಮಗುವಿಗೆ ಇದು ಇನ್ನೊಂದು ಪರೀಕ್ಷೆ. ಕೇಳುವುದನ್ನು ಬಿಟ್ಟ ಮೇಲೆ ಸುದ್ದಿ ತಾನಾಗಿಯೇ ಬರತೊಡಗಿತು, ರಾತ್ರಿ ಮಲಗುವಾಗ. "ಅಮ್ಮ, ಇವತ್ತು ಒಬ್ಬ ಹುಡುಗ ಕ್ರೇಯಾನ್ ತಿಂದ."

ರಂಪ ಶುರುವಾಗಿಯೇ ಬಿಟ್ಟರೆ? 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಈ ರಂಪಗಳನ್ನೇ ಬಿಡಿಸಿ ನೋಡಿತ್ತು. ಕಿರುಚುವುದು, ಒದೆಯುವುದು, ಎಸೆಯುವುದು, ಇಂಥ ಸಿಟ್ಟು ಶುರುವಿನಲ್ಲೇ ಏರಿ ಇಳಿಯುತ್ತದೆ. ಜೊತೆಗಿದ್ದ ದುಃಖ ಮಾತ್ರ ಕೊನೆಯವರೆಗೂ ಉಳಿಯುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಮೊದಲು ಶೂ ಹಾರುತ್ತಿತ್ತು, ಆಮೇಲೆ "ಅಮ್ಮಾ" ಅನ್ನೋ ಅಳು. ಶೂ ಹಾರುವಾಗ ಬುದ್ಧಿ ಹೇಳಿದರೆ ಕಿವಿಗೆ ಬೀಳುವುದಿಲ್ಲ. ಪಕ್ಕದಲ್ಲಿ ಕೂತಿರಿ. ಹೊಡೆಯಲು ಬಂದರೆ ಕೈ ಹಿಡಿದು "ಹೊಡೆಯೋಕೆ ಬಿಡಲ್ಲ" ಅನ್ನಿ, ಅಷ್ಟೇ. "ಅಮ್ಮಾ" ಬಂದಾಗ ತೋಳು ಚಾಚಿ. ಮಗು ಬಂದು ಬೀಳುತ್ತದೆ. ಮೊಬೈಲ್ ಕೊಟ್ಟರೂ ಸದ್ದು ನಿಲ್ಲುತ್ತದೆ ನಿಜ, ಆದರೆ ಅದನ್ನು ವಾಪಸ್ ತೆಗೆದುಕೊಳ್ಳುವಾಗ ಇನ್ನೊಂದು ರಂಪ ಕಾದಿರುತ್ತದೆ.

ನಿದ್ದೆಯ ಲೆಕ್ಕವನ್ನೂ ಹಾಕಿ. ಮೂರು, ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಮಧ್ಯಾಹ್ನದ ನಿದ್ದೆಯೂ ಸೇರಿ. ಮನೆಮಂದಿ ಧಾರಾವಾಹಿ ಮುಗಿಸಿ ಹತ್ತಕ್ಕೆ ಮಲಗಿ, ಮಗುವನ್ನು ಏಳಕ್ಕೆ ಎಬ್ಬಿಸಿದರೆ ಒಂಬತ್ತೇ ಗಂಟೆ. ಸ್ಕೂಲಿಗೆ ಸೇರಿದ ಮೇಲೆ ಮಧ್ಯಾಹ್ನದ ನಿದ್ದೆಯೂ ತಪ್ಪಿದರೆ ಪಾಪ, ಅದು ಅಳದೆ ಏನು ಮಾಡೀತು?

ಅತ್ತೆಯ ಜೊತೆ ವಾದ ಮಾಡಬೇಡಿ. "ಅತ್ತೆ, ನಾಳೆ ನೀವೇ ಕರ್ಕೊಂಡು ಬನ್ನಿ, ಏನೂ ಕೇಳ್ಬೇಡಿ, ಅರ್ಧ ಗಂಟೆ ತೊಡೆ ಮೇಲೆ ಕೂರಿಸ್ಕೊಳ್ಳಿ ಸಾಕು" ಅನ್ನಿ. ಆ ಕೆಲಸವನ್ನು ಅಜ್ಜಿಯರಷ್ಟು ಚೆನ್ನಾಗಿ ಮಾಡುವವರು ಇಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ಸಲ ವೈದ್ಯರಿಗೆ ತೋರಿಸಲೇಬೇಕು. ಮಗು ಉಸಿರು ಕಟ್ಟಿ ನೀಲಿಯಾದರೆ, ತಲೆ ಚಚ್ಚಿಕೊಂಡು ಗಾಯ ಮಾಡಿಕೊಂಡರೆ, ಐದು ವರ್ಷ ದಾಟಿದರೂ ದಿನಾ ಹೀಗೇ ಆದರೆ ಕಾಯಬೇಡಿ. ಮಾತು ಕಡಿಮೆ ಇದ್ದರೆ, ಕರೆದರೆ ತಿರುಗದಿದ್ದರೆ ಕಿವಿಯನ್ನೂ ಪರೀಕ್ಷಿಸಿ. ಸರಿಯಾಗಿ ಕೇಳಿಸದ ಮಗು ತರಗತಿಯಲ್ಲಿ ಎರಡು ಪಟ್ಟು ದಣಿಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಂಡ್ಯದಿಂದ ಬೆಳಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು.

ಉಳಿದಂತೆ, ನಾಳೆ ಗೇಟಿಗೆ ಹೋಗುವಾಗ ಒಂದು ಬಾಳೆಹಣ್ಣು, ಸಣ್ಣ ಡಬ್ಬಿಯಲ್ಲಿ ಪುರಿ (ಮಂಡಕ್ಕಿ) ಇಟ್ಟುಕೊಂಡು ಹೋಗಿ. ಕಡ್ಲೆಬೀಜ ಬೇಡ, ಈ ವಯಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬಾಳೆಹಣ್ಣಿನ ಸಿಪ್ಪೆ ಮಾತ್ರ ಅವಳೇ ಸುಲಿಯಲಿ.