ಮಲ್ಲಣ್ಣನ ಹಸಿವು, ನನ್ನ ರೊಟ್ಟಿ

ಏಪ್ರಿಲ್ ಮೊದಲ ವಾರ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕೈ ಅದೊಂದೇ. ಕಲಬುರಗಿಯಲ್ಲಿ ರೊಟ್ಟಿ ಕೊಂಡು ತರೋದೇನೂ ಕಷ್ಟ ಇಲ್ಲ, ಆದರೆ ಹೊರಗಿನ ರೊಟ್ಟಿ ಅವ್ವನಿಗೆ ಸೇರಲ್ಲ. ಹಾಗಾಗಿ ನಲವತ್ತಾರನೇ ವಯಸ್ಸಿಗೆ ನಾನು ಜೋಳದ ಹಿಟ್ಟಿಗೆ ಕೈ ಹಾಕಿದೆ. ಅದೇ ವಾರ ರಜೆಗೆ ಬಂದ ಅಕ್ಕನ ಮಗ ನನ್ನ ಲ್ಯಾಪ್‌ಟಾಪಿಗೆ ‘ದಿ ಸಿಮ್ಸ್ 4’ ಹಾಕಿದ. ಈ ಕಂಪ್ಯೂಟರ್ ಆಟ, ಹೆಚ್ಚುವರಿ ಭಾಗಗಳನ್ನು ಬಿಟ್ಟರೆ, 2022ರ ಅಕ್ಟೋಬರ್‌ನಿಂದ ಪುಕ್ಕಟೆ ಸಿಗುತ್ತದೆ. ಹೀಗೆ ನಾನು ರೊಟ್ಟಿ ಕಲಿಯೋದು, ನನ್ನ ಆಟದ ಮನುಷ್ಯ ಮಲ್ಲಣ್ಣ ಅಡುಗೆ ಕಲಿಯೋದು ಒಟ್ಟಿಗೇ ಶುರುವಾಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಗೆಲ್ಲೋದು ಸೋಲೋದು ಇಲ್ಲ. ಒಬ್ಬ ಮನುಷ್ಯನನ್ನು ಮಾಡಿ, ಮನೆ ಕೊಟ್ಟು, ಬದುಕಿಸಬೇಕು. ಅವನಿಗೆ ಆರು ಬೇಕುಗಳು: ಹಸಿವು, ಶೌಚ, ನಿದ್ದೆ, ಮೋಜು, ಒಡನಾಟ, ಸ್ವಚ್ಛತೆ. ಒಂದೊಂದಕ್ಕೂ ಪರದೆಯ ಮೇಲೆ ಒಂದು ಬಣ್ಣದ ಪಟ್ಟಿ. ತುಂಬಿದ್ದರೆ ಹಸಿರು, ಇಳಿದರೆ ಹಳದಿ, ಬರಿದಾದರೆ ಕೆಂಪು. 2000ದ ಫೆಬ್ರುವರಿಯಲ್ಲಿ ಬಂದ ಈ ಸರಣಿಯ ಮೊದಲ ಆಟದಲ್ಲಿ ಇವು ಎಂಟಿದ್ದವು. ಕೂರಲು ಮಲಗಲು ಎಷ್ಟು ಹಿತ, ಕೋಣೆ ಎಷ್ಟು ಚೆಂದ ಅನ್ನುವುದಕ್ಕೂ ಆಗ ಬೇರೆ ಪಟ್ಟಿಗಳಿದ್ದವು. ನಮ್ಮ ಒಂದು ಸೆಕೆಂಡು ಅವನಿಗೆ ಒಂದು ನಿಮಿಷ. ಅಂದರೆ ಮಲ್ಲಣ್ಣನ ಒಂದು ದಿನ ನಮ್ಮ ಇಪ್ಪತ್ನಾಲ್ಕು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಆಟ ಕಟ್ಟಿದ ವಿಲ್ ರೈಟ್ ಅವರ ಮನೆ 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಎಲ್ಲವನ್ನೂ ಹೊಸದಾಗಿ ಜೋಡಿಸಿಕೊಳ್ಳುವಾಗ ಮನುಷ್ಯನಿಗೆ ಮೊದಲು ಏನು ಬೇಕು, ಯಾವುದಿಲ್ಲದೆ ನಡೆಯುತ್ತದೆ ಅನ್ನುವ ಯೋಚನೆ ಬಂತಂತೆ. ಆಟದಲ್ಲೂ ಅಡುಗೆ ಬಾರದವರು ಒಲೆ ಹಚ್ಚಿದರೆ ಬೆಂಕಿ ಹತ್ತಿಕೊಳ್ಳುವುದುಂಟು. ಮಲ್ಲಣ್ಣ ಎರಡನೇ ದಿನವೇ ಹತ್ತಿಸಿದ.

ನನಗೆ ಬಹಳ ಹಿಡಿಸಿದ್ದು ಬೇರೆಯೇ ವಿಷಯ. ನಾನು ಸುಮ್ನೆ ಕೂತರೂ ಮಲ್ಲಣ್ಣ ತಾನಾಗಿ ಎದ್ದು ಹೋಗಿ ಫ್ರಿಜ್ ತೆರೆಯುತ್ತಾನೆ. ಅವನ ತಲೆಯಲ್ಲಿ ಅಷ್ಟೊಂದು ಬುದ್ಧಿ ತುಂಬಿದ್ದಾರಾ? ಇಲ್ಲ. ಮೊದಲ ಆಟದಲ್ಲಿ ಮಾಡಿದ ಉಪಾಯ ಏನೆಂದರೆ, ಬುದ್ಧಿಯ ಬಹುಪಾಲನ್ನು ಮನೆಯ ಸಾಮಾನುಗಳಲ್ಲೇ ಇಟ್ಟುಬಿಟ್ಟರು. ಸಂಜೆ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದರೆ ಮಿರ್ಚಿಯವನು ಒಂದು ಕಡೆ, ಸುಸಲಾದವನು ಇನ್ನೊಂದು ಕಡೆ “ಬರ್ರಿ ಬರ್ರಿ” ಅಂತ ಕರೆಯುತ್ತಾರಲ್ಲ, ಹಾಗೇ ಫ್ರಿಜ್ಜು, ಮಂಚ, ಟೀವಿ ಎಲ್ಲವೂ ಸದ್ದಿಲ್ಲದೆ ಕೂಗುತ್ತಿರುತ್ತವೆ. “ನನ್ನ ಹತ್ತಿರ ಬಂದರೆ ಹಸಿವು ಇಷ್ಟು ತುಂಬುತ್ತದೆ” ಅನ್ನುತ್ತದೆ ಫ್ರಿಜ್. “ನಿದ್ದೆ ಇಷ್ಟು” ಅನ್ನುತ್ತದೆ ಮಂಚ. ದೂರ ಹೆಚ್ಚಾದಷ್ಟೂ ಕೂಗು ಕ್ಷೀಣ. ಕೇಳುವವನ ಪಟ್ಟಿ ಎಷ್ಟು ಇಳಿದಿದೆ ಅನ್ನುವುದರ ಮೇಲೆ ಕೂಗಿನ ಬೆಲೆಯೂ ಬದಲಾಗುತ್ತದೆ. ಅರೆಹೊಟ್ಟೆಯವನಿಗೆ ಒಂದು ತಟ್ಟೆ ಊಟ ಬರೀ ಊಟ, ಖಾಲಿ ಹೊಟ್ಟೆಯವನಿಗೆ ಅದೇ ತಟ್ಟೆ ಜೀವ. ಈ ಏರಿಕೆ ನೇರ ಗೆರೆಯಲ್ಲಿ ಹೋಗಲ್ಲ, ಕೊನೆಕೊನೆಗೆ ಕಡಿದಾಗಿ ಏರುತ್ತದೆ.

ಎಲ್ಲಕ್ಕಿಂತ ಜೋರಾದ ಕೂಗಿಗೇ ಅವನು ಯಾವಾಗಲೂ ಓಗೊಟ್ಟರೆ ಯಂತ್ರದಂತೆ ಕಾಣುತ್ತಾನೆ ಅಲ್ವಾ? ಅದಕ್ಕೇ ಮೇಲಿನ ಕೆಲವು ಕೂಗುಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಆರಿಸುತ್ತಾನೆ. ಶುರುವಿನಲ್ಲಿ ಈ ಜನ ತಮ್ಮನ್ನು ತಾವು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದರೆಂದರೆ ಆಡುವವರಿಗೆ ಕೆಲಸವೇ ಇರಲಿಲ್ಲವಂತೆ. ಕೊನೆಗೆ ಬೇಕೆಂದೇ ಅವರನ್ನು ಸ್ವಲ್ಪ ದಡ್ಡರನ್ನಾಗಿ ಮಾಡಬೇಕಾಯಿತು.

ನಮ್ಮ ಮೈಯಲ್ಲೂ ಪಟ್ಟಿಗಳಿವೆ, ಬಣ್ಣ ಮಾತ್ರ ಕಾಣಲ್ಲ. ಹೊಟ್ಟೆ ಬರಿದಾದಾಗ ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಇದನ್ನು ಜಪಾನಿನ ವಿಜ್ಞಾನಿಗಳು ಕಂಡುಹಿಡಿದದ್ದು 1999ರಲ್ಲಿ, ಮೊದಲ ಆಟ ಬರುವುದಕ್ಕೆ ಕೆಲವೇ ತಿಂಗಳ ಮುಂಚೆ. ದಿನಾ ಒಂದೇ ಹೊತ್ತಿಗೆ ಉಣ್ಣುವವರಲ್ಲಿ ಆ ಹೊತ್ತು ಹತ್ತಿರ ಬಂದಂತೆ ಗ್ರೆಲಿನ್ ಏರುತ್ತದೆ. ಮಲ್ಲಣ್ಣನ ಹಸಿವು ಗಡಿಯಾರ ನೋಡಲ್ಲ, ನನ್ನದು ಒಂದೂವರೆ ಆಯಿತೆಂದರೆ ಸಾಕು.

ನಿದ್ದೆಯ ಲೆಕ್ಕ ಇನ್ನೂ ಜಟಿಲ. ಆಟದಲ್ಲಿ ಅದು ಒಂದು ತೊಟ್ಟಿ ಇದ್ದಂತೆ. ಎಚ್ಚರ ಇದ್ದಷ್ಟು ಹೊತ್ತು ಬರಿದಾಗುತ್ತದೆ, ಮಲಗಿದರೆ ತುಂಬುತ್ತದೆ. ನಮ್ಮಲ್ಲೂ ಇಂಥದ್ದೊಂದಿದೆ. ಎಚ್ಚರ ಇದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗಿ ರೆಪ್ಪೆ ಭಾರವಾಗುತ್ತದೆ. ಚಹಾ ಕುಡಿದಾಗ ಅದರಲ್ಲಿರುವ ಕೆಫೀನ್, ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ದಣಿವು ಹೋಗಿರಲ್ಲ, ಸುದ್ದಿ ಮುಟ್ಟಿರಲ್ಲ ಅಷ್ಟೇ. ಇದರ ಜೊತೆಗೆ ಹಗಲು ರಾತ್ರಿ ಗುರುತಿಸುವ ಇನ್ನೊಂದು ಗಡಿಯಾರ ಮೈಯೊಳಗೆ ಬೇರೆ ನಡೆಯುತ್ತಿರುತ್ತದೆ. ಇವೆರಡನ್ನೂ ಸೇರಿಸಿ ನಿದ್ದೆಯನ್ನು ವಿವರಿಸಿದವರು ಅಲೆಕ್ಸಾಂಡರ್ ಬೊರ್ಬೆಲಿ, 1982ರಲ್ಲಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿನಿಂದ ಬಂದವರು ಬೆಳಗ್ಗೆ ಇಳಿದಾಗ, ನಿದ್ದೆಗೆಟ್ಟಿದ್ದರೂ ಒಂದಷ್ಟು ಹೊತ್ತು ಚುರುಕಾಗಿರುವುದು ಈ ಎರಡನೇ ಗಡಿಯಾರದ ಕೃಪೆ. ಮಲ್ಲಣ್ಣನಿಗೆ ಆ ಭಾಗ್ಯ ಇಲ್ಲ. ಪಟ್ಟಿ ಬರಿದಾದರೆ ನಿಂತಲ್ಲೇ ಉರುಳುತ್ತಾನೆ.

ಇನ್ನು ನಮ್ಮ ಬೇಸಿಗೆ. ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಹಗಲು ನಲವತ್ತು ಡಿಗ್ರಿ ದಾಟಿ ಕಾದ ಗೋಡೆ, ರಾತ್ರಿ ಹನ್ನೆರಡಾದರೂ ಕೋಣೆಯೊಳಗೆ ಬಿಸಿ ಉಗುಳುತ್ತಿರುತ್ತದೆ. ಅದಕ್ಕೇ ನಮ್ಮವರು ಹಾಸಿಗೆ ಹೊತ್ತು ಮಾಳಿಗೆ ಏರುವುದು. ಆಟಕ್ಕೆ ಬಿಸಿಲು ಚಳಿ ಬಂದದ್ದು 2018ರಲ್ಲಿ, ಅದಕ್ಕೆ ಬೇರೆ ದುಡ್ಡು ಬೇರೆ. ಕಲಬುರಗಿಯವರನ್ನು ಕೇಳಿದ್ದರೆ ಅದನ್ನೇ ಏಳನೇ ಪಟ್ಟಿ ಮಾಡಿ ಅನ್ನುತ್ತಿದ್ದೆವು.

ಕಲಿಕೆಗೆ ಬರೋಣ. ಮಲ್ಲಣ್ಣನ ಅಡುಗೆಗೆ ಹತ್ತು ಮೆಟ್ಟಿಲು. ಪುಸ್ತಕ ಓದಿದರೂ ಏರುತ್ತಾನೆ, ಒಲೆ ಮುಂದೆ ನಿಂತರೂ ಏರುತ್ತಾನೆ. ಹುರುಪಿನಲ್ಲಿದ್ದರೆ ಬೇಗ ಏರುತ್ತಾನೆ. ಹಾಗಾಗಿ ಅಕ್ಕನ ಮಗನ ಸೂತ್ರ ಒಂದೇ.

“ಮಾಮಾ, ಮೊದಲ ಅವನಿಗೆ ಉಣ್ಸಿ ಮಲಗಿಸ್ರಿ. ಆಮ್ಯಾಲ ಕಲಸ್ರಿ. ಹಸದವ್ನಿಗಿ ಪುಸ್ತಕ ಕೊಟ್ರ ಏನ್ ಬರ್ತದ?”

ಮೊದಲ ಮೆಟ್ಟಿಲುಗಳು ಸರಸರ, ಮೇಲಿನವು ನಿಧಾನ. ಇದು ಆಟದವರ ಕಂಜೂಸಿತನ ಅಂದುಕೊಂಡಿದ್ದೆ, ಆದರೆ ಕೈಕೆಲಸ ಕಲಿಯುವ ರೀತಿಯೇ ಹಾಗೆ. 1959ರಲ್ಲಿ ಕ್ರಾಸ್‌ಮನ್ ಎಂಬವರು ಸಿಗಾರ್ ಕಾರ್ಖಾನೆಯ ಕೆಲಸಗಾರರ ವೇಗ ಅಳೆದು ತೋರಿಸಿದರು. ಶುರುವಿನಲ್ಲಿ ವೇಗ ದಡದಡ ಏರುತ್ತದೆ, ಆಮೇಲೆ ಏರಿಕೆ ಸಣ್ಣದಾಗುತ್ತಾ ಹೋಗುತ್ತದೆ. ಆದರೂ ಲಕ್ಷಗಟ್ಟಲೆ ಸಿಗಾರ್ ಸುತ್ತಿದ ಮೇಲೂ ಅವರು ಇನ್ನಷ್ಟು ಚುರುಕಾಗುತ್ತಲೇ ಇದ್ದರು.

ನನ್ನ ರೊಟ್ಟಿಯ ಕಥೆ ಕೇಳಿ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ, ಹಿಟ್ಟು ಎಳೆದರೆ ಹಿಗ್ಗಲ್ಲ. ಕುದಿಯುವ ಎಸರು ಸುರಿದಾಗ ಪಿಷ್ಟ ಉಬ್ಬಿ ಅಂಟು ಬರುತ್ತದೆ. ರೊಟ್ಟಿ ನಿಂತಿರುವುದು ಆ ಅಂಟಿನ ಮೇಲೆ. ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಆಮೇಲೆ ಹಿಟ್ಟು ಉದುರಿಸಿ, ಒಂದು ಕೈ ಬಡಿಯುತ್ತಾ ಇನ್ನೊಂದು ಕೈ ಅಂಚು ಕಾಯುತ್ತಾ ತಿರುಗಿಸಬೇಕು. ಮೊದಲ ದಿನ ನನ್ನ ರೊಟ್ಟಿ ಅಂಗೈಯಗಲ ದಾಟುವಷ್ಟರಲ್ಲಿ ಏಳು ಕಡೆ ಸೀಳಿತು. ಮಧ್ಯಾಹ್ನ, ಸಂಜೆ ಎಷ್ಟು ಬಡಿದರೂ ಅಷ್ಟೇ. ಮರುದಿನ ಬೆಳಗ್ಗೆ ಕೈ ತಾನಾಗಿ ತಿರುಗಿತು.

ಇದಕ್ಕೂ ಒಂದು ಪ್ರಯೋಗ ಇದೆ. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಜೊತೆಗಾರರು ಜನರಿಗೆ ಬೆರಳಿನಿಂದ ಒಂದು ವರಸೆಯಲ್ಲಿ ಗುಂಡಿ ಒತ್ತುವುದನ್ನು ಕಲಿಸಿದರು. ಹಗಲೆಲ್ಲ ಎಚ್ಚರ ಇದ್ದು ಮತ್ತೆ ಒತ್ತಿದವರಲ್ಲಿ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. ರಾತ್ರಿ ಮಲಗಿ ಎದ್ದವರ ವೇಗ ಸುಮಾರು ಶೇ. 20ರಷ್ಟು ಏರಿತ್ತು. ಅದರಲ್ಲಿ ಒಂದಿಷ್ಟು ಬರೀ ದಣಿವು ಆರಿದ್ದರಿಂದ ಬಂದದ್ದು ಅಂತ ಆಮೇಲೆ ಕೆಲವರು ತಕರಾರು ತೆಗೆದರು. ಅದೂ ಸರಿಯೇ ಇರಬಹುದು. ಆದರೆ ಕಲಿತದ್ದನ್ನು ಗಟ್ಟಿ ಮಾಡುವ ಕೆಲಸದಲ್ಲಿ ನಿದ್ದೆಯ ಕೈ ಇದೆ ಅನ್ನುವುದಕ್ಕೆ ಬೇರೆ ಪುರಾವೆಗಳೂ ಬೇಕಾದಷ್ಟಿವೆ. ಆಟ ತಪ್ಪಿರುವುದು ಇಲ್ಲೇ. ಮಲ್ಲಣ್ಣ ಮಲಗಿದಾಗ ನಿದ್ದೆಯ ಪಟ್ಟಿ ತುಂಬುತ್ತದೆ, ಅಡುಗೆಯ ಪಟ್ಟಿ ಕೂದಲೆಳೆಯಷ್ಟೂ ಅಲುಗಲ್ಲ. ಅವನ ಪಾಲಿಗೆ ನಿದ್ದೆ ಅಂದರೆ ಕಲಿಯದೆ ಕಳೆದ ಹೊತ್ತು.

ಇನ್ನೊಂದು ಅನುಕೂಲ ಅವನಿಗಿದೆ, ಅವನು ಮರೆಯುವುದಿಲ್ಲ. ಆರನೇ ಮೆಟ್ಟಿಲು ಅಂದರೆ ಆರನೆಯದೇ, ವರ್ಷ ಬಿಟ್ಟು ಬಂದರೂ. ಮನುಷ್ಯರ ಮರೆವನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ಅಳೆದಿದ್ದರು. ಕಲಿತ ಅರ್ಥವಿಲ್ಲದ ಅಕ್ಷರಗಳು ಮೊದಲ ಕೆಲವು ಗಂಟೆಗಳಲ್ಲೇ ಬೇಗ ಸೋರುತ್ತವೆ, ಆಮೇಲೆ ಸೋರಿಕೆ ನಿಧಾನ. ಕೈಗೆ ಹತ್ತಿದ ವಿದ್ಯೆ ಅಷ್ಟು ಬೇಗ ಬಿಟ್ಟುಹೋಗಲ್ಲ ನಿಜ, ಆದರೆ ಕೈಗೆ ಹತ್ತಿರಬೇಕಲ್ಲ.

ಮೆಟ್ಟಿಲಿನ ಲೆಕ್ಕಕ್ಕೇ ಸಿಗದ ವಿದ್ಯೆಗಳೂ ಇವೆ. ಬೀದರಿನ ಬಿದರಿ ಕುಸುರಿಯವರು ಸತು ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಅದ್ದಿ ಕಪ್ಪು ಬಣ್ಣ ಬರಿಸುತ್ತಾರೆ. ಮಣ್ಣು ಸರಿ ಇದೆಯಾ ಅಂತ ನಾಲಿಗೆಗೆ ಇಟ್ಟು ನೋಡುತ್ತಾರೆ. ಅದಕ್ಕೆ ಯಾವ ಪಟ್ಟಿ ಹಾಕುತ್ತೀರಿ?

ಮೇ ತಿಂಗಳಲ್ಲಿ ಮದುವೆಗೆಂದು ಎಂಟು ದಿನ ಊರು ಬಿಟ್ಟಿದ್ದೆ. ಬಂದು ಹಿಟ್ಟು ನಾದಿದರೆ ಮತ್ತೆ ಅಂಚೆಲ್ಲ ಸೀಳು. ಮರೆತೇಬಿಟ್ಟೆ ಅಂದುಕೊಂಡು ಅವ್ವನಿಗೆ ಎಬ್ಬಿಂಗ್‌ಹೌಸ್ ಕಥೆ ಹೇಳಿದೆ. ಅವಳು ಸೀಳಿದ ತುಂಡನ್ನು ಶೇಂಗಾ ಹಿಂಡಿಗೆ ಒತ್ತಿ ಬಾಯಿಗಿಟ್ಟುಕೊಂಡು ಒಂದು ಗಳಿಗೆ ಅಗಿದಳು.

“ಮರ್ತಿಲ್ಲ ತಮ್ಮಾ. ಎಸರು ಕುದ್ದಿಲ್ಲ. ಅವಸರ ಮಾಡಿ ಇಳಿಸೀದಿ.”

ಹಿಟ್ಟು ಮುಚ್ಚಿಟ್ಟು ಪಾತ್ರೆಯನ್ನು ಮತ್ತೆ ಒಲೆ ಮೇಲಿಟ್ಟೆ.